ಅತ್ತೆ ಓದಿ ಹೇಳಿದ ಅಕ್ಷರಗಳು

ಕಂಪ್ಯೂಟರು ಬಹಳ ಹೊತ್ತು ದುಡಿದು ಬಿಸಿಯಾದಾಗ ಅದರ ಬೆನ್ನಿನಿಂದ ಒಂದು ವಾಸನೆ ಬರುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ. ಕಾದ ಧೂಳಿನ ವಾಸನೆ ಅದು. ಒಲೆಯ ಹತ್ತಿರ ಮರೆತು ಇಟ್ಟ ಗೋಣಿಚೀಲ ಬಿಸಿಯಾದರೆ ಬರುವಂಥದು. ಮುಂಡರಗಿಯಲ್ಲಿ ನಾನು ಭೌತಶಾಸ್ತ್ರ ಕಲಿಸುವ ಕಾಲೇಜಿನ ಪ್ರಯೋಗಾಲಯದಲ್ಲಿ ಮೊನ್ನೆ ಹಳೆಯ ಯಂತ್ರವೊಂದರ ಮೇಲೆ ಒಂದು ತಂತ್ರಾಂಶವನ್ನು ಕಂಪೈಲ್ ಮಾಡಲು ಹಚ್ಚಿ, ಪಕ್ಕದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಧ್ಯಾಹ್ನದ ಹೊತ್ತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ಬೆಟಗೇರಿಯ ನಮ್ಮ ಬಾಡಿಗೆ ಮನೆಯ ಪಡಸಾಲೆ, ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಮಂಚ, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಪರದೆಯನ್ನೇ ದಿಟ್ಟಿಸುತ್ತ ಕುಳಿತ ನಮ್ಮ ಅತ್ತೆ ಗಂಗವ್ವ, ಎಲ್ಲವೂ ಕಣ್ಣಮುಂದೆ ಬಂದು ನಿಂತವು.

ಕಂಪೈಲ್ ಮಾಡುವುದೆಂದರೇನು ಎಂದು ಕೇಳುವವರಿಗೆ ನಾನು ಅರಿವೆಯ ಮಾತು ಹೇಳುತ್ತೇನೆ. ಬೆಟಗೇರಿಯಲ್ಲಿ ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತ ಬಾಳಿದವರಿಗೆ ಬೇರೆ ಹೋಲಿಕೆ ಬೇಗ ಹೊಳೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ತಂತ್ರಾಂಶ ಹೊಲಿದಿಟ್ಟ ಅಂಗಿ. ವಿಜ್ಞಾನಿಗಳು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ತಂತ್ರಾಂಶ ಇನ್ನೂ ಕತ್ತರಿಸದ ಬಟ್ಟೆಯ ತಾನು ಇದ್ದ ಹಾಗೆ. ಸೋರ್ಸ್ ಕೋಡು ಎಂಬ ಆ ತಾನನ್ನು ನಮ್ಮ ಯಂತ್ರದ ಮೈ ಅಳತೆಗೆ ನಾವೇ ಕತ್ತರಿಸಿ ಹೊಲಿದುಕೊಳ್ಳಬೇಕು. ಮೊದಲು ಅಳತೆ ತೆಗೆದುಕೊಳ್ಳುವ ಕೆಲಸ. ಅದಕ್ಕೆ ಕಾನ್ಫಿಗರ್ ಎನ್ನುತ್ತಾರೆ. ಅದು ಹೆಣ್ಣು ನೋಡಲು ಬಂದ ಬೀಗರ ಹಾಗೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತದೆ. ನಿಮ್ಮಲ್ಲಿ ಹೊಲಿಯಲು ಫೋರ್ಟ್ರಾನ್ ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಗಣಿತದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಲೆಕ್ಕದ ತುಣುಕುಗಳ ಕಟ್ಟು, ಇದೆಯೇ? ಇಲ್ಲವೆಂದರೆ ಮುಗಿಯಿತು, ಬೀಗರು ಚಹಾ ಸಹ ಮುಟ್ಟದೆ ಎದ್ದು ಹೋಗುತ್ತಾರೆ. ನನ್ನನ್ನು ನೋಡಲು ಸೊರಟೂರಿನಿಂದ ಬಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು. ಬರುತ್ತದೆ ಎಂದು ನಮ್ಮವ್ವ ನನ್ನ ಪರವಾಗಿ ಸುಳ್ಳು ಹೇಳಿದ್ದಳು. ಕಾನ್ಫಿಗರ್‌ನ ಎದುರು ಅಂಥ ಸುಳ್ಳು ನಡೆಯುವುದಿಲ್ಲ.

ಮದುವೆಯಾದಾಗ ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಗಂಡ ಬಸವರಾಜ ಶಿರಹಟ್ಟಿಯ ಹೈಸ್ಕೂಲಿನಲ್ಲಿ ಮಾಸ್ತರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ನಾನು ಬೆಟಗೇರಿಗೂ ಧಾರವಾಡಕ್ಕೂ ನಡುವೆ ರೈಲಿನಲ್ಲಿ ಓಡಾಡಿಕೊಂಡಿದ್ದೆ. ಅತ್ತೆ ಸೊರಟೂರಿನಲ್ಲಿ ನನ್ನ ಮೈದುನನ ಸಂಸಾರದೊಂದಿಗೆ ಇದ್ದರು. ಹಬ್ಬಕ್ಕೆ ಹೋದಾಗ ನನ್ನೊಂದಿಗೆ ಚೆನ್ನಾಗಿಯೇ ಇರುತ್ತಿದ್ದರು, ಆದರೆ ಪರರ ಮನೆಯಿಂದ ಕೇಳಿ ತಂದ ಪಾತ್ರೆಯನ್ನು ಹಿಡಿದ ಹಾಗೆ, ಎಲ್ಲಿ ತಗ್ಗು ಬಿದ್ದೀತೋ ಎಂಬ ಎಚ್ಚರದಲ್ಲಿ. ನಾನೂ ಹಾಗೆಯೇ ಇದ್ದೆ. ಮರುವರ್ಷ ಬಸಿರು ನಿಂತಿತು, ನಾಲ್ಕನೆಯ ತಿಂಗಳಿಗೆ ಹೋಯಿತು. ನೋಡಲು ಬಂದ ಅತ್ತೆ ಹಾಸಿಗೆಯ ತುದಿಗೆ ಕುಳಿತು ಬಹಳ ಹೊತ್ತು ನನ್ನ ತಲೆ ಸವರಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಅಂದರು.

“ಹೊಟ್ಟ್ಯಾಗ ಕೂಸ ಇಟಗೊಂಡು ಹಂಗ ತಿರಗಬಾರದಿತ್ತವಾ. ಸುಮ್ಮನ ಕುಂತಿದ್ರ ಉಳೀತಿತ್ತು.”

ಅಷ್ಟೇ. ಸಿಟ್ಟಿನಿಂದ ಅಂದದ್ದೂ ಅಲ್ಲ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ರೈಲು ಹತ್ತುವಾಗ, ಇಲಾಖೆಯ ಮೆಟ್ಟಿಲು ಏರುವಾಗ, ಏನೂ ಕಾರಣವಿಲ್ಲದೆ ಅದು ಚುಚ್ಚುತ್ತಿತ್ತು.

ಎರಡನೆಯ ಸಲ ಐದನೆಯ ತಿಂಗಳಲ್ಲಿ ಗದಗಿನ ಡಾಕ್ಟರಮ್ಮ ಪರೀಕ್ಷಿಸಿ, ಇನ್ನು ಹೆರಿಗೆಯವರೆಗೆ ಏಳುವ ಹಾಗಿಲ್ಲ ಎಂದರು. ಬಚ್ಚಲಿಗೆ ಬಿಟ್ಟರೆ ಮತ್ತಾವುದಕ್ಕೂ ಏಳಬಾರದು, ಕೂಡ್ರಬಾರದು. ಮಂಚದ ಕಾಲ ಕಡೆ ಎತ್ತರಿಸಿ, ತಲೆ ತಗ್ಗಿನಲ್ಲಿಟ್ಟು ಮಲಗಬೇಕು. ನಮ್ಮವ್ವನಿಗೆ ಮೊಣಕಾಲಿನ ಬೇನೆ, ಅವಳಿಂದ ಆರೈಕೆ ಆಗುವಂತಿರಲಿಲ್ಲ. ಹೀಗಾಗಿ ಅತ್ತೆ ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು, ತಲೆಯ ಮೇಲೆ ಒಣಗಿಸಿದ ಖಟಿ ರೊಟ್ಟಿಯ ಬುಟ್ಟಿ. ನಾನು ಏಳಲು ಹೋದೆ. ಅವರು ಬುಟ್ಟಿ ಇಳಿಸುವ ಮೊದಲೇ ಒಂದು ಕೈ ಚಾಚಿ ನನ್ನ ಭುಜ ಒತ್ತಿ ಮಲಗಿಸಿದರು. ಬಾಗಿಲಲ್ಲಿ ನಿಂತು ಅಂದ ಆ ಹಳೆಯ ಮಾತು ನೆನಪಾಗಿ ನನಗೆ ಅಂಜಿಕೆಯಾಯಿತು.

ಆಗ ನನ್ನ ಮಹಾಪ್ರಬಂಧದ ಕೊನೆಯ ಅಧ್ಯಾಯ ಬಾಕಿ ಇತ್ತು. ಘನವಸ್ತುಗಳೊಳಗೆ ಎಲೆಕ್ಟ್ರಾನುಗಳು ಹೇಗೆ ಹಂಚಿಕೊಂಡಿರುತ್ತವೆ ಎಂದು ಲೆಕ್ಕ ಹಾಕುವುದು ನನ್ನ ವಿಷಯ. ವಿಶ್ವವಿದ್ಯಾಲಯದ ಗಡುವು ಹೆರಿಗೆಯ ಆಚೀಚೆಯೇ ಮುಗಿಯುತ್ತಿತ್ತು. ಅದೂ ಒಮ್ಮೆ ಹೆಚ್ಚಿಸಿ ಕೊಟ್ಟ ಗಡುವು, ಮತ್ತೊಮ್ಮೆ ಕೇಳುವ ಹಾಗಿರಲಿಲ್ಲ. ಧಾರವಾಡದಲ್ಲಿ ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ರೆಹಾನಾ ಲಕ್ಷ್ಮೇಶ್ವರದವಳು. ಊರಿಗೆ ಹೋಗುವ ದಾರಿಯಲ್ಲಿ ಒಂದು ಭಾನುವಾರ ನಮ್ಮ ಮನೆಗೆ ಬಂದು, ಒಂದು ಪೆನ್‌ಡ್ರೈವನ್ನು ನನ್ನ ತಲೆದಿಂಬಿನ ಪಕ್ಕ ಇಟ್ಟಳು. ನನಗೆ ಬೇಕಾದ ಲೆಕ್ಕ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಆಗುತ್ತಿರಲಿಲ್ಲ. ಹೊಸದರ ಸೋರ್ಸ್ ಕೋಡನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಅವಳು ಇಳಿಸಿಕೊಂಡು ತಂದಿದ್ದಳು. ಇಲಾಖೆಯ ಯಂತ್ರದ ಮುಂದೆ ದೊಡ್ಡ ಸರದಿ ಇದೆ, ನಿನ್ನ ಲೆಕ್ಕ ಸಣ್ಣದು, ಮನೆಯ ಕಂಪ್ಯೂಟರಿನಲ್ಲೇ ನಡೆದೀತು, ನೀನೇ ಕಂಪೈಲ್ ಮಾಡಿ ಕಟ್ಟಿಕೋ ಎಂದಳು. ಕಟ್ಟಿಕೋ ಎಂದು ಹೇಳುವುದು ಸುಲಭ.

ಗಂಡನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಡಾಕ್ಟರು ಮಲಗು ಅಂದಮೇಲೆ ಮಲಗಬೇಕು, ಪಿಎಚ್.ಡಿ. ಹೋದರೆ ಹೋಯಿತು ಎಂದು ವಾದಿಸಿದರು. ಅವರಿಗೂ ಹೆದರಿಕೆಯಿತ್ತು, ಪಾಪ. ನಾನು ಅತ್ತೆಯ ಕಡೆ ನೋಡಲಿಲ್ಲ. ಅವರು ಏನನ್ನುತ್ತಾರೆ ಎಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಒಳಗೆ ಹಿಟ್ಟು ನಾದುತ್ತಿದ್ದವರು ಕೈ ತೊಳೆದುಕೊಂಡು ಹೊರಗೆ ಬಂದರು.

“ಬಸು, ಆಕಿ ಮಲಗ್ಯಾಳ, ಎಲ್ಲೂ ಎದ್ದು ಹೋಗಿಲ್ಲ. ದಿನಾ ಆ ಜಂತಿ ಎಣಿಸ್ಕೋತ ಮಲಗಿದ್ರ ತಲಿ ಕೆಡತೈತಿ. ಕೈ ಆಡಿಸಿದ್ರ ಕೂಸಿಗೇನೂ ಆಗೂದಿಲ್ಲ. ಆ ಟೇಬಲ್ ಇತ್ತಾಗ ಎಳಿ.”

ಮಾಸ್ತರು ಟೇಬಲ್ಲನ್ನು ಇತ್ತಾಗ ಎಳೆದರು.

ಆದರೆ ತೊಡಕು ಬೇರೆಯೇ ಇತ್ತು. ಕೀಬೋರ್ಡನ್ನು ಹೊಟ್ಟೆಯ ಪಕ್ಕ ಇಟ್ಟುಕೊಂಡು ನೋಡದೆಯೇ ಟೈಪಿಸಬಲ್ಲೆ, ಆ ರೂಢಿ ಇತ್ತು. ತಲೆ ತಗ್ಗಿನಲ್ಲಿಟ್ಟು ಮಲಗಿದವಳಿಗೆ ಪರದೆಯ ಮೇಲಿನ ಸಣ್ಣ ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ದಿಂಬು ಕೊಟ್ಟುಕೊಳ್ಳುವ ಹಾಗಿರಲಿಲ್ಲ, ಕತ್ತು ಎತ್ತಿದರೆ ಅತ್ತೆಯ ಕೈ ಬಂದು ಹಣೆ ಒತ್ತುತ್ತಿತ್ತು. ಗಂಡ ಶಿರಹಟ್ಟಿಯಲ್ಲಿ. ಮೊದಲ ದಿನ ನಾನು ಕಣ್ಣು ಕಿರಿದು ಮಾಡಿ ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿದ ಅತ್ತೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತರು. ಮಗ ಐದನೆಯ ವರ್ಗದಲ್ಲಿ ಎಬಿಸಿಡಿ ಕಲಿಯುವಾಗ ಒಲೆಯ ಮುಂದೆ ಕುಳಿತು ತಾನೂ ಕಲಿತಿದ್ದೆ, ಕೂಡಿಸಿ ಓದಲು ಬರುವುದಿಲ್ಲ, ಒಂದೊಂದೇ ಅಕ್ಷರ ಹೇಳುತ್ತೇನೆ, ನೀನು ಕೂಡಿಸಿಕೋ ಎಂದರು.

ಹಾಗೆ ಶುರುವಾಯಿತು. ಬೆಳಗಿನ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರೆ ಮಧ್ಯಾಹ್ನದ ಊಟದವರೆಗೆ ಅವರ ದನಿ ನಡೆಯುತ್ತಿತ್ತು. ಸಿ, ಎಚ್, ಇ, ಸಿ, ಕೆ. ಗೊತ್ತಿಲ್ಲದ ಚಿಹ್ನೆಗಳಿಗೆ ಅವರೇ ಹೆಸರಿಟ್ಟರು: ಅಡ್ಡಗೆರಿ, ಓರೆಗೆರಿ, ಕೆಳಗಿನ ಗೆರಿ, ಚುಕ್ಕಿ. ಎಲ್ ಅಕ್ಷರ, ಒಂದರ ಅಂಕಿ, ದೊಡ್ಡ ಐ, ಮೂರೂ ಅವರಿಗೆ ಬರೀ ‘ಕಡ್ಡಿ’. ಯಾವ ಕಡ್ಡಿ ಎಂದು ಕೇಳಿದರೆ ಎಲ್ಲ ಒಂದೇ ನಮೂನೆ ಇವೆ, ಇಂಗ್ಲಿಷಿನವರಿಗೆ ಬೇರೆ ಆಕಾರ ಸಿಗಲಿಲ್ಲವೇನು ಎಂದು ನನ್ನನ್ನೇ ಕೇಳುತ್ತಿದ್ದರು.

ಸಣ್ಣ ಬಿ ಮತ್ತು ಸಣ್ಣ ಡಿ ಅವರಿಗೆ ಅದಲುಬದಲಾಗುತ್ತಿದ್ದವು. ಅದರಿಂದಾಗಿ ಒಮ್ಮೆ ಲೋಕದಲ್ಲೇ ಇಲ್ಲದ ಲೈಬ್ರರಿಯೊಂದನ್ನು ಇಡೀ ದಿನ ಹುಡುಕಿದೆ. ರೆಹಾನಾಗೆ ಫೋನು ಮಾಡಿ ಅವಳ ತಲೆಯನ್ನೂ ಕೆಡಿಸಿದೆ. ಸಂಜೆ ಗಂಡ ಬಂದು ಪರದೆ ನೋಡಿ ನಕ್ಕಾಗಲೇ ಗೊತ್ತಾದದ್ದು. ಅತ್ತೆಯ ಮುಖ ಸಣ್ಣದಾಯಿತು. ಮರುದಿನ ಕುರ್ಚಿಯಲ್ಲಿ ಕುಳಿತವರೇ, ಇನ್ನು ತಪ್ಪುವುದಿಲ್ಲ ಎಂದರು. ಹೇಗೆಂದು ಕೇಳಿದೆ.

“ಬಸರಿ ಹಂಗ ಹೊಟ್ಟಿ ಮುಂದ ಮಾಡಿ ನಿಂತಿದ್ರ ಬಿ. ಹಿಂದ ಗಂಟ ಹೊತ್ಕೊಂಡಿದ್ರ ಡಿ.”

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಟ್ಟೆ ಕುಲುಕುತ್ತದೆ ಎಂದು ಅವರು ಗದರಿಸಿದರು, ಗದರಿಸುತ್ತ ತಾವೂ ನಕ್ಕರು. ಮದುವೆಯಾದ ಮೇಲೆ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು. ಅಂದಿನಿಂದ ಬಿ ಬಂದಾಗಲೆಲ್ಲ ಅವರು ‘ಬಸರಿ’ ಎಂದೇ ಓದುತ್ತಿದ್ದರು. ಗಣಿತದ ಲೈಬ್ರರಿಗಳಲ್ಲಿ ಅದೆಷ್ಟು ಬಸುರಿಯರು ಇದ್ದರೋ.

ಇಲ್ಲದ ಲೈಬ್ರರಿಗಳನ್ನು ಒಂದೊಂದಾಗಿ ಕಟ್ಟಿ, ಇರುವ ಜಾಗವನ್ನು ಹೇಳಿ, ಕೊನೆಗೊಂದು ದಿನ ಕಾನ್ಫಿಗರ್ ಎಲ್ಲ ಪ್ರಶ್ನೆ ಮುಗಿಸಿ ತೃಪ್ತಿಯಿಂದ ಎದ್ದಿತು. ಇನ್ನು ಹೊಲಿಗೆಯ ಕೆಲಸ. ಮೇಕ್ ಎಂದು ಟೈಪಿಸಿದೆ. ಸಾಲುಗಳು ಓಡತೊಡಗಿದವು. ಅವನ್ನು ಓದುವ ಅಗತ್ಯವಿರಲಿಲ್ಲ. ನಿಂತರೆ ಹೇಳಿದರೆ ಸಾಕು. ಅತ್ತೆ ಮೊರದಲ್ಲಿ ಶೇಂಗಾ ಸುಲಿಯುತ್ತ, ಕಣ್ಣು ಪರದೆಯ ಮೇಲಿಟ್ಟು ಕುಳಿತರು. ಯಂತ್ರ ಕಾದು ಆ ಧೂಳಿನ ವಾಸನೆ ಬರತೊಡಗಿತು. ಶೇಂಗಾದ ಸಿಪ್ಪೆ ಮುರಿಯುವ ಸದ್ದು, ಆಚೆ ಮನೆಯ ಮಗ್ಗದ ಸದ್ದು. ನನಗೆ ಜೋಂಪು ಹತ್ತಿತ್ತು.

“ನಂದೂ ಒಂದು ಹೋಗಿತ್ತವಾ. ಬಸುಗಿಂತ ಮೊದಲ.”

ಯಾರಿಗೋ ಹೇಳುವವರಂತೆ, ಪರದೆಯಿಂದ ಕಣ್ಣು ತೆಗೆಯದೆಯೇ ಅಂದರು. ಏಳು ತಿಂಗಳು ತುಂಬಿದ ಹೆಣ್ಣು ಕೂಸಂತೆ. ಹುಟ್ಟಿದಾಗ ಉಸಿರಿರಲಿಲ್ಲ. ನೋಡಿದರೆ ಹಂಬಲಿಸುತ್ತಾಳೆ ಎಂದು ಇವರಿಗೆ ತೋರಿಸಲಿಲ್ಲ. ಬಿಳಿ ಅರಿವೆಯಲ್ಲಿ ಸುತ್ತಿದ್ದನ್ನು ಯಾರೋ ಎತ್ತಿಕೊಂಡು ಹೋಗುವಾಗ ಬಾಗಿಲ ಸಂದಿಯಿಂದ ಕಂಡಿತ್ತಂತೆ. ಆಮೇಲೆ ಆ ಮನೆಯಲ್ಲಿ ಅದರ ಮಾತು ಯಾರೂ ಎತ್ತಲಿಲ್ಲ. ಅವರ ಅತ್ತೆ ಮಾತ್ರ ಒಮ್ಮೆ ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಹಾಗೆ ಹೊಲಕ್ಕೆ ತಿರುಗಬಾರದಿತ್ತು ಎಂದರಂತೆ. ಹತ್ತಿ ಬಿಡಿಸಲು ಹೊಲಕ್ಕೆ ಕಳಿಸಿದವರು ಅವರೇ.

“ನಿನಗ ಅವತ್ತ ಬಾಗಲದಾಗ ನಿಂತು ಅಂದ್ನೆಲ್ಲಾ, ಅದು ನನ್ನ ಮಾತಲ್ಲವಾ. ನಮ್ಮತ್ತಿ ಮಾತು. ಇಷ್ಟು ವರ್ಷ ನನ್ನ ಬಾಯಾಗ ಕುಂತಿತ್ತು. ಬಸ್ಸಿನ್ಯಾಗ ಕುಂತ ಮ್ಯಾಲ ಏನಂದ್ನಿ ಅಂತ ಗೊತ್ತಾತು. ಇಳದು ಹೊಳ್ಳಿ ಬರೂ ಧೈರ್ಯ ಆಗಲಿಲ್ಲ.”

ತಲೆ ತಗ್ಗಿನಲ್ಲಿಟ್ಟು ಮಲಗಿದವರ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ನೆಟ್ಟಗೆ ಕಿವಿಗೆ ಇಳಿಯುತ್ತದೆ. ಅತ್ತೆ ಮೊರ ಕೆಳಗಿಟ್ಟು, ಸೆರಗಿನ ಚುಂಗಿನಿಂದ ನನ್ನ ಎರಡೂ ಕಿವಿಗಳನ್ನು, ಎಣ್ಣೆನೀರು ಹಾಕಿದ ಕೂಸಿನ ಕಿವಿ ಒರೆಸುವ ಹಾಗೆ, ನಿಧಾನವಾಗಿ ಒರೆಸಿದರು. ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಅವರು ತಿರುಗಿ ನೋಡಿ, ಇದು ನಿಂತುಬಿಟ್ಟಿದೆ ನೋಡು ಎಂದರು.

ನಿಂತದ್ದು ಕೊನೆಯ ಹೆಜ್ಜೆಯಲ್ಲಿ. ಬಿಡಿಬಿಡಿ ತುಂಡುಗಳೆಲ್ಲ ತಯಾರಾಗಿದ್ದವು, ಅವನ್ನೆಲ್ಲ ಕೂಡಿಸಿ ಹೊಲಿಯುವಾಗ ತಕರಾರು ಬಂದಿತ್ತು: ಇಂಥ ಹೆಸರು ಕೇಳಿದ್ದೇನೆ, ಆ ಹೆಸರಿನ ವಸ್ತು ಸಿಗುತ್ತಿಲ್ಲ. ಪರದೆಯ ತುಂಬ ಅದೇ ತಕರಾರು. ಲೈಬ್ರರಿ ಇದ್ದ ಜಾಗದಲ್ಲೇ ಇತ್ತು, ಅದರೊಳಗೆ ಆ ಹೆಸರೂ ಇತ್ತು. ಆದರೂ ಸಿಗುತ್ತಿಲ್ಲ ಎನ್ನುತ್ತಿತ್ತು. ಮತ್ತೆ ಕಟ್ಟಿದೆ, ಎಲ್ಲ ಅಳಿಸಿ ಮೊದಲಿನಿಂದ ಕಟ್ಟಿದೆ. ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನನಗೆ ಹೊಟ್ಟೆನೋವು ಶುರುವಾಯಿತು. ಏಳು ತಿಂಗಳು ಇನ್ನೂ ತುಂಬಿರಲಿಲ್ಲ. ನೆರೆಯವರ ಕಾರಿನಲ್ಲಿ ಗದಗಿನ ಆಸ್ಪತ್ರೆಗೆ ಒಯ್ದರು. ಅತ್ತೆ ಹಿಂದಿನ ಸೀಟಿನಲ್ಲಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ತಗ್ಗು ಬಂದಾಗಲೆಲ್ಲ ಎರಡೂ ಕೈಯಿಂದ ನನ್ನನ್ನು ಎತ್ತಿ ಹಿಡಿಯುತ್ತಿದ್ದರು.

ನೋವು ನಿಲ್ಲಿಸುವ ಔಷಧಿಯನ್ನು ಸಲಾಯಿನಿನಲ್ಲಿ ಹನಿಹನಿಯಾಗಿ ಬಿಟ್ಟರು. ನಿಂತರೆ ಕೂಸು ಉಳಿಯುತ್ತದೆ, ಕಾದು ನೋಡಬೇಕು ಎಂದರು ಡಾಕ್ಟರಮ್ಮ. ಗಂಡ ಹೊರಗೆ ಓಡಾಡುತ್ತಿದ್ದರು. ನಾನು ಮೈಯೆಲ್ಲ ಕಿವಿಯಾಗಿ ಮುಂದಿನ ನೋವು ಯಾವಾಗ ಬರುತ್ತದೋ ಎಂದು ಕಾಯುತ್ತ ಮಲಗಿದ್ದೆ. ಅತ್ತೆ ಸ್ಟೂಲಿನ ಮೇಲೆ ಕುಳಿತಿದ್ದರು. ಅವರ ಮನಸ್ಸಿನಲ್ಲಿ ಏನು ನಡೆದಿತ್ತೆಂದು ನನಗೆ ಗೊತ್ತಿತ್ತು. ಅವರದೂ ಏಳರಲ್ಲೇ ಹೋದದ್ದು. ಆದರೆ ಅವರು ಬಗ್ಗಿ ನನ್ನ ಹತ್ತಿರ ಅಂದದ್ದು ಇದು:

“ಹೆಸರು ಸಿಗವಲ್ದು ಅಂತಿತ್ತಲಾ, ಅದರ ವಿಚಾರ ಮಾಡು. ಇದರ ವಿಚಾರ ಡಾಕ್ಟರು ಮಾಡ್ತಾರ. ಹೇಳು, ಅದು ಹ್ಯಾಂಗ ಕೂಡಸ್ತೈತಿ?”

ಹೇಳಿದೆ. ಸಲಾಯಿನಿನ ಸೂಜಿಯಿದ್ದ ಕೈ ಬೇಡ, ಈ ಕೈ ಆಡಿಸು ಎಂದು ಅವರು ನನ್ನ ಬಲಗೈ ಎತ್ತಿ ಕೊಟ್ಟರು. ಊಟದ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಅದು ಲೈಬ್ರರಿಗಳ ಹೆಸರು ಬರೆದ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ ಎಂದು ಗಾಳಿಯಲ್ಲಿ ಗೆರೆ ಎಳೆದು ತೋರಿಸಿದೆ. ಕೇಳಿದವರಿಗೆ ಏನು ಬೇಕೆಂದು ನೆನಪಿಟ್ಟುಕೊಂಡು ಮುಂದೆ ಸಿಗುವ ಲೈಬ್ರರಿಗಳಲ್ಲಿ ಹುಡುಕುತ್ತದೆ, ದಾಟಿದ ಲೈಬ್ರರಿಗೆ ಮತ್ತೆ ಹಿಂತಿರುಗುವುದಿಲ್ಲ ಎಂದೆ. ಅಷ್ಟು ಹೇಳಿ ನನ್ನ ಕೈ ಅಲ್ಲೇ ನಿಂತಿತು. ಬೇಕಾದದ್ದನ್ನು ಕೊಡುವ ಲೈಬ್ರರಿಯನ್ನು ನಾನು ಮೊದಲು ಬರೆದು, ಅದನ್ನು ಕೇಳುವ ಲೈಬ್ರರಿಯನ್ನು ನಂತರ ಬರೆದಿದ್ದೆ. ಕೇಳುವ ಹೊತ್ತಿಗೆ ಕೊಡುವುದು ಹಿಂದೆ ಉಳಿದುಬಿಟ್ಟಿತ್ತು. ಇಷ್ಟೇ. ಎರಡು ಹೆಸರುಗಳ ಜಾಗ ಬದಲಿಸಿದರೆ ಆಯಿತು. ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿ, ಮರೆಯಬೇಡ ಎಂದು ಮಾತ್ರ ಅಂದರು. ನೋವಿನ ದಾರಿ ಕಾಯುವುದನ್ನು ಅಷ್ಟು ಹೊತ್ತು ನಾನು ಮರೆತಿದ್ದೆ. ಆ ಸಂಜೆಯ ಹೊತ್ತಿಗೆ ನೋವಿನ ನಡುವಿನ ಬಿಡುವು ಹೆಚ್ಚುತ್ತ ಹೋಗಿ, ಮರುದಿನ ಪೂರ್ತಿ ನಿಂತಿತು.

ಮನೆಗೆ ಬಂದು, ಡಾಕ್ಟರಮ್ಮ ಹೇಳಿದಷ್ಟು ದಿನ ಏನೂ ಮುಟ್ಟದೆ ಮಲಗಿ, ಆಮೇಲೆ ಆ ಎರಡು ಹೆಸರುಗಳ ಜಾಗ ಬದಲಿಸಿದೆ. ತಂತ್ರಾಂಶ ಕೂಡಿಕೊಂಡಿತು. ಕಟ್ಟಿದ್ದು ಸರಿಯಿದೆಯೋ ಇಲ್ಲವೋ ನೋಡಲು ಅದರೊಳಗೇ ಪರೀಕ್ಷೆಗಳಿರುತ್ತವೆ. ಉತ್ತರ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ತಾಳೆ ನೋಡುತ್ತದೆ. ಅದನ್ನು ಓಡಿಸಿದಾಗ ಅತ್ತೆ ಅಕ್ಷರ ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಶಬ್ದ ಬಂತು. ಪಾಸ್. ಮತ್ತೆ ಪಾಸ್. ಮಗನ ಶಾಲೆಯ ರಿಸಲ್ಟ್ ಓದುವವರ ಹಾಗೆ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದರು. ನಡುವೆ ಒಂದು ಕಡೆ ದನಿ ಇಳಿಯಿತು, ಒಂದು ಫೇಲಾಗಿತ್ತು. ಉತ್ತರದ ಕೊನೆಯ ಅಂಕಿಯಲ್ಲಿ ಕೂದಲೆಳೆಯ ವ್ಯತ್ಯಾಸ, ನಡೆಯುತ್ತದೆ ಎಂದು ನಾನು ಹೇಳಿದೆ.

“ಒಂದರಾಗ ನಪಾಸಾದ್ರೂ ಮುಂದಿನ ವರ್ಗಕ್ಕ ಹಾಕ್ತಾರೇನು?”

“ಹಾಕ್ತಾರ್ರಿ ಅತ್ತಿ.”

“ಹಂಗಾದ್ರ ಚಲೋ ಶಾಲಿ.”

ಲೆಕ್ಕಗಳು ನಡೆದವು. ಕರೆಂಟು ಹೋದಾಗಲೆಲ್ಲ ನಿಂತು, ಮತ್ತೆ ಹಚ್ಚಿಸಿಕೊಂಡು, ಅಂತೂ ಮುಗಿದವು. ಅಧ್ಯಾಯವನ್ನು ಮಲಗಿಯೇ ಟೈಪಿಸಿದೆ; ತಪ್ಪುಗಳನ್ನು ಗಂಡ ತಿದ್ದಿದರು, ಪ್ರತಿಗಳನ್ನು ಕಟ್ಟಿಸಿ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿದವಳು ರೆಹಾನಾ. ಮಗಳು ದಿನ ತುಂಬುವ ಸ್ವಲ್ಪ ಮೊದಲು ಹುಟ್ಟಿದಳು, ತೂಕ ಕಡಿಮೆ, ದನಿ ಜೋರು. ನರ್ಸು ಹೊರಗೆ ತಂದಾಗ ಗಂಡನಿಗಿಂತ ಮುಂಚೆ ಅತ್ತೆ ಕೈ ಚಾಚಿದರಂತೆ. ಅರಿವೆ ಸರಿಸಿ ಮುಖ ನೋಡಿ, ಕೈ ನೋಡಿ, ಕಾಲಿನ ಬೆರಳು ನೋಡಿ, ಬಹಳ ಹೊತ್ತಿನವರೆಗೆ ಯಾರಿಗೂ ಕೊಡಲಿಲ್ಲವಂತೆ. ಬಾಣಂತನಕ್ಕೆಂದು ಉಳಿದವರು ಮತ್ತೆ ಸೊರಟೂರಿಗೆ ಹಬ್ಬಕ್ಕೆ ಮಾತ್ರ ಹೋದರು.

ಮೊನ್ನೆ ಮುಂಡರಗಿಯಿಂದ ಬಸ್ಸಿನಲ್ಲಿ ಬರುವಾಗ ಇದೆಲ್ಲ ತಲೆಯಲ್ಲಿ ತಿರುಗುತ್ತಿತ್ತು. ತಿರುಗುತ್ತ ತಿರುಗುತ್ತ ಒಂದು ಸಂಗತಿ ಹೊಳೆಯಿತು. ಅತ್ತೆ ಶೇಂಗಾ ಸುಲಿಯುತ್ತ ಹೇಳಿದ ಆ ದಿನದ ನಂತರ ಆ ಹೆಣ್ಣು ಕೂಸಿನ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಅವರು ಎತ್ತಲಿಲ್ಲ. ನಾನು, ಕೇಳಿದರೆ ನೋಯುತ್ತಾರೆ ಎಂದು ಸುಮ್ಮನಿದ್ದೆ. ಅಂದು ಅತ್ತೆಯ ಸುತ್ತ ಇದ್ದ ಮನೆಯವರೂ ಹಾಗೆಂದೇ ಸುಮ್ಮನಿದ್ದರಲ್ಲವೇ.

ಮನೆಗೆ ಬಂದಾಗ ಅತ್ತೆ ಹಿತ್ತಲಿನಲ್ಲಿ ಗೋಣಿ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಈಗ ಅವರಿಗೆ ಕಿವಿ ಸ್ವಲ್ಪ ಮಂದ. ಚಪ್ಪಲಿ ಬಿಟ್ಟು ಅವರ ಹತ್ತಿರ, ಚೆನ್ನಾಗಿ ಕೇಳಿಸುವ ಕಿವಿಯ ಕಡೆಗೆ ಕುಳಿತೆ.

“ಅತ್ತಿ, ಇವರಕಿಂತ ಮೊದಲ ಒಂದು ಹುಡಿಗಿ ಹುಟ್ಟಿತ್ತಲ್ರಿ. ಆಕಿಗೆ ಹೆಸರು ಇಟ್ಟಿದ್ರೇನ್ರಿ?”

ಅವರ ಕೈ ನಿಂತಿತು. ಕೇಳಬಾರದಿತ್ತೇನೋ ಎಂದುಕೊಂಡೆ. ಅಂಟಿದ ಬೆರಳುಗಳನ್ನು ಗೋಣಿಯ ಅಂಚಿಗೆ ಒರೆಸಿಕೊಂಡರು. ಹೆಸರಿಡಲು ಎಲ್ಲಿ ಬಿಟ್ಟರು ಎಂದರು. ಬಿಡಿಸಿದ ಬೀಜಗಳನ್ನು ಒಂದು ಕಡೆ ಸರಿಸಿ, ಮನಸ್ಸಿನಲ್ಲಿ ಇಟ್ಟಿದ್ದೆ, ನೀಲವ್ವ ಅಂತ, ಎಂದರು. ಗಂಡನ ಮುಂದೆಯೂ ಎಂದೂ ಬಾಯಿಬಿಟ್ಟು ಅಂದಿರಲಿಲ್ಲವಂತೆ. ಆಮೇಲೆ ನಾನು ಕೇಳದೆಯೇ ಹೇಳುತ್ತ ಹೋದರು: ಹೊಟ್ಟೆಯಲ್ಲಿ ಅದು ಎಷ್ಟು ಹೊರಳಾಡುತ್ತಿತ್ತು, ಹೊಲದಲ್ಲಿ ಹಾಡು ಹೇಳಿದರೆ ಹೇಗೆ ಸುಮ್ಮನಾಗುತ್ತಿತ್ತು, ಅದಕ್ಕೆಂದು ಕದ್ದುಮುಚ್ಚಿ ಹೊಲಿದಿಟ್ಟ ಕುಲಾಯಿ ಟೋಪಿ ಯಾವ ಬಣ್ಣದ್ದು. ಅಳಲಿಲ್ಲ. ಮುಖದ ಮೇಲೆ ತವರಿನ ಮಾತಾಡುವಾಗಿನ ಬೆಳಕಿತ್ತು.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ನಮ್ಮಿಬ್ಬರನ್ನೂ ನೋಡಿ, ಯಾರ ಸುದ್ದಿ ನಡೆದಿದೆ ಎಂದು ಬಾಗಿಲಲ್ಲಿ ನಿಂತೇ ಕೇಳಿದಳು. ನಾನು ಏನು ಹೇಳಲಿ ಎಂದು ತಡವರಿಸಿದೆ. ಅತ್ತೆ ತಡವರಿಸಲಿಲ್ಲ. ಗೋಣಿಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿ, ಅವಳ ಕೈ ಹಿಡಿದು ಎಳೆದರು.

“ಕುಂದ್ರ ಬಾ ಇಲ್ಲೆ. ನಿನಗೊಬ್ಬಾಕಿ ಸೋದರತ್ತಿ ಇದ್ಲು, ನೀಲವ್ವ ಅಂತ.”